ಮಹಿಳೆಯರ ಡಬಲ್ಸ್ ಪಂದ್ಯ ನೋಡುವುದು ಹೇಗೆ: ಕಬ್ಬನ್ ಪಾರ್ಕ್‌ನ ಗ್ಯಾಲರಿಯಲ್ಲಿ ಕೂರುವವರಿಗೆ

ಕಬ್ಬನ್ ಪಾರ್ಕ್‌ನೊಳಗಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಮಹಿಳಾ ಟೂರ್ನಿ ನಡೆಯುವಾಗ, ಸಿಂಗಲ್ಸ್ ಪಂದ್ಯ ಮುಗಿಯುತ್ತಿದ್ದಂತೆ ಗ್ಯಾಲರಿಯಲ್ಲಿದ್ದ ಹಲವರು ಎದ್ದು ಹೊರಟುಬಿಡುವುದನ್ನು ಕಂಡು ನನಗೆ ಪ್ರತಿ ಸಲವೂ ಬೇಸರವಾಗುತ್ತದೆ. ಮುಂದೆ ನಡೆಯಲಿರುವ ಡಬಲ್ಸ್ ಪಂದ್ಯವನ್ನು ನೋಡುವ ಬಗೆ ಗೊತ್ತಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ ಎಂಬುದು ನನ್ನ ನಂಬಿಕೆ. ಸಿಂಗಲ್ಸ್‌ನಲ್ಲಿ ಚೆಂಡಿನ ಹಿಂದೆ ಕಣ್ಣು ಓಡಿಸಿದರೆ ಸಾಕಾಗುತ್ತದೆ. ಡಬಲ್ಸ್‌ನಲ್ಲಿ ಕಣ್ಣಿಡಬೇಕಾದದ್ದು ಚೆಂಡು ಯಾರ ಬಳಿ ಇಲ್ಲವೋ ಅವರ ಮೇಲೆ.

ಮೊದಲಿಗೆ ಸಮಯದ ವಿಚಾರ. ಮರುದಿನದ ಪಂದ್ಯಗಳ ಪಟ್ಟಿ ಸಾಮಾನ್ಯವಾಗಿ ಹಿಂದಿನ ಸಂಜೆಯೇ ಪ್ರಕಟವಾಗುತ್ತದೆ. ಆದರೆ ಡಬಲ್ಸ್ ಪಂದ್ಯಕ್ಕೆ ನಿಗದಿತ ಗಂಟೆ ಇರುವುದು ಅಪರೂಪ. ಹಿಂದಿನ ಪಂದ್ಯ ಮುಗಿದ ಮೇಲೆ, ಅದೇ ದಿನ ಸಿಂಗಲ್ಸ್ ಆಡಿದವರಿಗೆ ವಿಶ್ರಾಂತಿ ಕೊಟ್ಟ ಮೇಲೆಯೇ ಅದು ಶುರುವಾಗುತ್ತದೆ. ಆದ್ದರಿಂದ ಅರ್ಧ ದಿನವನ್ನು ಬಿಡುವು ಮಾಡಿಕೊಂಡು, ನೇರಳೆ ಮಾರ್ಗದ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದು ನಡೆದು ಹೋಗುವುದು ಒಳ್ಳೆಯದು.

ಕೂರುವ ಜಾಗವನ್ನು ಮಾತ್ರ ಯೋಚಿಸಿ ಆರಿಸಿಕೊಳ್ಳಿ. ಅಂಗಣದ ಪಕ್ಕದಲ್ಲಿ, ನೆಟ್‌ಗೆ ನೇರವಾಗಿ ಕುಳಿತರೆ ಕತ್ತು ಎಡಕ್ಕೂ ಬಲಕ್ಕೂ ತಿರುಗುವುದಷ್ಟೇ ಆಗುತ್ತದೆ. ಬೇಸ್‌ಲೈನ್‌ನ, ಅಂದರೆ ಅಂಗಣದ ತುದಿಯ ಗೆರೆಯ ಹಿಂದೆ, ತುಸು ಎತ್ತರದಲ್ಲಿ ಕುಳಿತರೆ ನಾಲ್ವರೂ ಒಂದೇ ನೋಟಕ್ಕೆ ಸಿಗುತ್ತಾರೆ. ಜೋಡಿಗಳು ಬದಿ ಬದಲಿಸುತ್ತಲೇ ಇರುವುದರಿಂದ ಎರಡೂ ಜೋಡಿಗಳನ್ನು ಹಿಂದಿನಿಂದ ನೋಡುವ ಅವಕಾಶವೂ ಸಿಗುತ್ತದೆ, ಮತ್ತು ಈ ಹಿಂದಿನ ನೋಟವೇ ಬಹಳ ಮುಖ್ಯವಾದದ್ದು.

ಏಕೆಂದರೆ ಆಟದ ಗುಟ್ಟು ಅಡಗಿರುವುದು ನೆಟ್ ಬಳಿ ನಿಂತವಳ ಬೆನ್ನ ಹಿಂದಿನ ಕೈಯಲ್ಲಿ. ಸರ್ವ್ ಮಾಡುವವಳು ಚೆಂಡನ್ನು ಪುಟಿಸುತ್ತಿರುವಾಗ, ಎದುರಾಳಿಗಳ ಕಡೆ ಮುಖ ಮಾಡಿ ಮಂಡಿ ಬಾಗಿಸಿ ನಿಂತ ಜೊತೆಗಾರ್ತಿ ಒಂದು ಕೈಯನ್ನು ಬೆನ್ನ ಹಿಂದೆ ತಂದು, ಸರ್ವ್ ಯಾವ ಕಡೆ ಬೀಳಬೇಕೆಂದು ಬೆರಳಿನಿಂದ ತೋರಿಸುತ್ತಾಳೆ. ಅನಂತರ ಹಲವು ಜೋಡಿಗಳಲ್ಲಿ ಮುಷ್ಟಿ ಹಿಡಿದರೆ ‘ನಾನು ಇಲ್ಲೇ ಇರುತ್ತೇನೆ’ ಎಂದೂ, ಅಂಗೈ ಬಿಚ್ಚಿದರೆ ‘ನಾನು ಅಡ್ಡ ಬರುತ್ತೇನೆ’ ಎಂದೂ ಅರ್ಥ. ಇನ್ನು ಕೆಲವರು ಬೆರಳಿನ ಬದಲು ಬಾಯಿಗೆ ಚೆಂಡನ್ನು ಅಡ್ಡ ಹಿಡಿದು ಪಿಸುಗುಟ್ಟುತ್ತಾರೆ. ಎರಡು ಪಾಯಿಂಟ್‌ಗಳ ನಡುವೆ ಇರುವ 25 ಸೆಕೆಂಡುಗಳಲ್ಲೇ ಈ ಮಾತುಕತೆ ಮುಗಿಯಬೇಕು. ಅಂಗೈ ಬಿಚ್ಚಿದ್ದನ್ನು ನೀವು ಕಂಡಿದ್ದರೆ, ಸರ್ವ್ ಆದ ಮರುಕ್ಷಣ ಆಕೆಯ ಪಾದಗಳನ್ನೇ ನೋಡಿ: ರಿಟರ್ನ್ ಮಾಡುವವಳ ರ‍್ಯಾಕೆಟ್ ಮುಂದೆ ಬರುವ ಹೊತ್ತಿಗೆ ಆಕೆ ಓರೆಯಾಗಿ ಮುಂದಕ್ಕೆ ನುಗ್ಗಿ, ಅಂಗಣದ ನಡುವಿನಲ್ಲೇ ಚೆಂಡನ್ನು ವಾಲಿ ಮಾಡಿ (ನೆಲಕ್ಕೆ ಬೀಳುವ ಮೊದಲೇ ಹೊಡೆದು) ಮುಗಿಸುತ್ತಾಳೆ. ಒಂದು ಹೆಜ್ಜೆ ಮೊದಲೇ ಹೊರಟರೆ ಎದುರಾಳಿಗೆ ಅದು ಗೊತ್ತಾಗಿ, ಆಕೆ ಬಿಟ್ಟುಬಂದ ಬದಿಯ ಓಣಿಗೆ ನೇರವಾಗಿ ಹೊಡೆಯುತ್ತಾಳೆ. 27 ಅಡಿ ಅಗಲದ ಸಿಂಗಲ್ಸ್ ಅಂಗಣವನ್ನು 36 ಅಡಿಗೆ ಹಿಗ್ಗಿಸುವುದು ಎರಡು ಬದಿಯ ಈ ನಾಲ್ಕೂವರೆ ಅಡಿಯ ಓಣಿಗಳೇ.

ಹೀಗೆ ಏಳೆಂಟು ಗೇಮ್ ನೋಡಿದ ಮೇಲೆ ನಿಲ್ಲುವ ಬಗೆಗಳೂ ಗುರುತಿಗೆ ಬರುತ್ತವೆ. ಒಮ್ಮೊಮ್ಮೆ ನೆಟ್ ಬಳಿಯವಳು ಅಂಗಣದ ನಟ್ಟನಡುವೆ ನೆಟ್‌ಗಿಂತ ಕೆಳಗೆ ಕುಕ್ಕರಗಾಲಿನಲ್ಲಿ ಕೂರುತ್ತಾಳೆ, ಸರ್ವ್ ಆಕೆಯ ತಲೆಯ ಮೇಲಿಂದ ಹಾದುಹೋಗುತ್ತದೆ, ಆಕೆ ಎಡಕ್ಕೆ ಏಳುತ್ತಾಳೋ ಬಲಕ್ಕೆ ಏಳುತ್ತಾಳೋ ಎಂಬುದು ಎದುರಾಳಿಗೆ ತಿಳಿಯುವುದಿಲ್ಲ. ಇದನ್ನು ‘ಐ ಫಾರ್ಮೇಶನ್’ ಎನ್ನುತ್ತಾರೆ. ಒಂದೇ ಕೋನಕ್ಕೆ ಚೆನ್ನಾಗಿ ರಿಟರ್ನ್ ಮಾಡುತ್ತಿರುವ ಎದುರಾಳಿಯನ್ನು ಗೊಂದಲಕ್ಕೆ ಕೆಡಹಲು ಇದು ಬಳಕೆಯಾಗುತ್ತದೆ.

ಗ್ಯಾಲರಿಯಲ್ಲಿ ಕುಳಿತವರು ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿ ಇದೆ. ಬದಿ ಬದಲಿಸುವ ನಿಯಮ ಮತ್ತು ನಾಲ್ವರೂ ಸರದಿಯಂತೆ ಸರ್ವ್ ಮಾಡುವ ನಿಯಮ ಎರಡೂ ಕೂಡಿದಾಗ, ಒಂದು ಸೆಟ್‌ನಲ್ಲಿ ಪ್ರತಿಯೊಬ್ಬಳೂ ಟೈಬ್ರೇಕ್‌ವರೆಗೆ (ಗೇಮ್‌ಗಳು ಸಮವಾದಾಗ ಸೆಟ್ ತೀರ್ಮಾನಿಸುವ ಆಟ) ಅಂಗಣದ ಒಂದೇ ತುದಿಯಿಂದ ಸರ್ವ್ ಮಾಡಬೇಕಾಗುತ್ತದೆ. ಯಾರು ಬಿಸಿಲಿಗೆ ಮುಖ ಮಾಡಬೇಕು, ಯಾರು ಗಾಳಿಗೆ ಎದುರಾಗಿ ಸರ್ವ್ ಮಾಡಬೇಕು ಎಂಬುದನ್ನು ಜೋಡಿಯೇ ಸೆಟ್‌ನ ಆರಂಭದಲ್ಲಿ ತೀರ್ಮಾನಿಸಿಕೊಳ್ಳುತ್ತದೆ. ಹೊಸ ಸೆಟ್‌ನಲ್ಲಿ ಸರದಿ ಬದಲಾಗಿದ್ದರೆ ಕಾರಣವೇನಿರಬಹುದೆಂದು ಆಕಾಶವನ್ನೊಮ್ಮೆ ನೋಡಿ.

ಬೆಂಗಳೂರಿನ ಗಾಳಿಯ ಬಗ್ಗೆಯೂ ಹೇಳಲೇಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ತೆಳು, ಚೆಂಡಿಗೆ ತಡೆ ಕಡಿಮೆ. ಚೆನ್ನೈನಲ್ಲಿ ಬೇಸ್‌ಲೈನ್‌ನೊಳಗೆ ಬೀಳುವ ಲಾಬ್ (ಎದುರಾಳಿಯ ತಲೆಯ ಮೇಲಿಂದ ಎತ್ತರಕ್ಕೆ ಎತ್ತುವ ಹೊಡೆತ) ಇಲ್ಲಿ ಗೆರೆ ದಾಟಬಹುದು. ಹೊರಗಿನಿಂದ ಬಂದ ಜೋಡಿ ಮೊದಲ ಸುತ್ತಿನಲ್ಲಿ ಲಾಬ್‌ಗಳನ್ನು ಉದ್ದ ಹೊಡೆಯುತ್ತಿದ್ದರೆ ಇದೂ ಒಂದು ಕಾರಣವಾಗಿರಬಹುದು. ಲಾಬ್ ಏರಿದಾಗ ಕಿವಿಯನ್ನೂ ತೆರೆದಿಡಿ: ‘ಮೈನ್’, ‘ಯುವರ್ಸ್’, ‘ಸ್ವಿಚ್’ ಎಂಬ ಕೂಗುಗಳಲ್ಲಿ ಜೋಡಿಯ ಹೊಂದಾಣಿಕೆ ಎಷ್ಟಿದೆ ಎಂಬುದು ಗೊತ್ತಾಗುತ್ತದೆ.

ಜೋಡಿಗಳ ಪ್ರವೇಶ ಇಬ್ಬರ ರ‍್ಯಾಂಕಿಂಗ್ ಸೇರಿಸಿ ನಿರ್ಧಾರವಾಗುತ್ತದೆ. 16 ಜೋಡಿಗಳು ಕಣದಲ್ಲಿದ್ದರೆ ನಾಲ್ಕು ಗೆಲುವಿಗೆ ಪ್ರಶಸ್ತಿ. ಆ ವಾರಕ್ಕೆಂದೇ ಕೂಡಿದ ಜೋಡಿಗಳೂ ಇರುತ್ತವೆ, ವರ್ಷಗಟ್ಟಲೆ ಜೊತೆಯಾಗಿ ಆಡಿದವೂ ಇರುತ್ತವೆ. 2006ರಲ್ಲಿ ಇದೇ ನಗರದಲ್ಲಿ ನಡೆದ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಟೂರ್ನಿಯಲ್ಲಿ ಲೀಜೆಲ್ ಹ್ಯೂಬರ್ ಜೊತೆ ಪ್ರಶಸ್ತಿ ಗೆದ್ದ ಸಾನಿಯಾ ಮಿರ್ಜಾ, 2015ರಲ್ಲಿ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು. ಆ ವರ್ಷ ಮಾರ್ಟಿನಾ ಹಿಂಗಿಸ್ ಜೊತೆಗೂಡಿ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡನ್ನೂ ಗೆದ್ದರು. ಸಾನಿಯಾ ಹಿಂದಿನಿಂದ ಫೋರ್‌ಹ್ಯಾಂಡ್ ಹೊಡೆದು ಎದುರಾಳಿಯ ಚೆಂಡನ್ನು ಸಡಿಲಗೊಳಿಸುವುದು, ಹಿಂಗಿಸ್ ನೆಟ್ ಬಳಿ ಅದನ್ನು ಮುಗಿಸುವುದು: ಆ ಜೋಡಿಯ ಹಳೆಯ ಪಂದ್ಯವೊಂದನ್ನು ನೋಡಿಕೊಂಡು ಬಂದರೆ ಕಬ್ಬನ್ ಪಾರ್ಕ್‌ನಲ್ಲಿ ಕಣ್ಣು ಬೇಗ ಪಳಗುತ್ತದೆ.

ಕೊನೆಯದಾಗಿ ಅಂಕಗಳ ಲೆಕ್ಕ. ಗ್ರ್ಯಾನ್‌ಸ್ಲಾಮ್‌ಗಳನ್ನು ಬಿಟ್ಟರೆ ಇಂಥ ಟೂರ್ನಿಗಳ ಡಬಲ್ಸ್‌ನಲ್ಲಿ 40–40 ಆದಾಗ ಅಡ್ವಾಂಟೇಜ್ (ಸತತ ಎರಡು ಪಾಯಿಂಟ್ ಗೆಲ್ಲಬೇಕೆಂಬ ನಿಯಮ) ಇರುವುದಿಲ್ಲ, ಒಂದೇ ಪಾಯಿಂಟ್‌ನಲ್ಲಿ ಗೇಮ್ ತೀರ್ಮಾನವಾಗುತ್ತದೆ. ಆಗ ಸರ್ವ್ ಬಲಕ್ಕೆ ಬರಬೇಕೋ ಎಡಕ್ಕೆ ಬರಬೇಕೋ ಎಂಬ ಆಯ್ಕೆ ರಿಟರ್ನ್ ಮಾಡುವ ಜೋಡಿಯದು; ಇಬ್ಬರಲ್ಲಿ ಯಾರು ಮುಂದಾಗುತ್ತಾರೆ ಎಂಬುದರಿಂದ ಆ ದಿನ ಯಾರ ರಿಟರ್ನ್ ಮೇಲೆ ಅವರಿಗೆ ಹೆಚ್ಚು ಭರವಸೆಯಿದೆ ಎಂಬುದು ತಿಳಿಯುತ್ತದೆ. ಸೆಟ್‌ಗಳು 1–1 ಆದರೆ ಮೂರನೇ ಸೆಟ್‌ನ ಬದಲು 10 ಪಾಯಿಂಟ್‌ಗಳ ಟೈಬ್ರೇಕ್ ಆಡಿಸುತ್ತಾರೆ, ಎರಡು ಪಾಯಿಂಟ್‌ಗಳ ಅಂತರದಿಂದ ಗೆಲ್ಲಬೇಕು, ಆರು ಪಾಯಿಂಟ್‌ಗಳಿಗೊಮ್ಮೆ ಬದಿ ಬದಲಾಗುತ್ತದೆ. ಆ ಹೊತ್ತಿಗೆ ಎಲ್ಲರ ಕಣ್ಣೂ ಸ್ಕೋರ್‌ಬೋರ್ಡ್ ಮೇಲಿರುತ್ತದೆ. ನೀವು ಮಾತ್ರ ಬೆನ್ನ ಹಿಂದಿನ ಆ ಕೈಯನ್ನು ಬಿಡಬೇಡಿ: 8–8 ಆಗಿರುವಾಗ ಅದು ಮುಷ್ಟಿಯಾಗಿ ಉಳಿಯುತ್ತದೋ, ಬಿಚ್ಚಿಕೊಳ್ಳುತ್ತದೋ ನೋಡಿ.