ಗೋಲ್ಡ್‌ಫೀಲ್ಡೈಟ್ ಗುರುತಿಸುವುದು ಹೇಗೆ?

ಹೆಸರು ಕೇಳಿ ಮೋಸ ಹೋಗಬೇಡಿ. ಗೋಲ್ಡ್‌ಫೀಲ್ಡೈಟ್ ಸೂತ್ರದಲ್ಲಿ ಚಿನ್ನವೇ ಇಲ್ಲ! ಅಮೆರಿಕದ ನೆವಾಡಾ ರಾಜ್ಯದ ಗೋಲ್ಡ್‌ಫೀಲ್ಡ್ ಎಂಬ ಗಣಿ ಊರಿನಲ್ಲಿ, ಮೊಹಾಕ್ ಗಣಿಯಲ್ಲಿ ಸಿಕ್ಕ ಖನಿಜ ಇದು. 1909ರಲ್ಲಿ ಭೂವಿಜ್ಞಾನಿ ಎಫ್. ಎಲ್. ರಾನ್ಸಮ್ ಇದನ್ನು ವಿವರಿಸಿದರು. ಇದರಲ್ಲಿರುವುದು ತಾಮ್ರ, ಗಂಧಕ, ಟೆಲ್ಯೂರಿಯಂ. ಜೊತೆಗೆ ಒಂದಿಷ್ಟು ಆಂಟಿಮನಿ, ಆರ್ಸೆನಿಕ್ ಇರುವುದೂ ಉಂಟು.

ಮೊದಲು, ಕಲ್ಲು ಎಲ್ಲಿಂದ ಬಂತು ಅಂತ ವಿಚಾರಿಸಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಜ್ವಾಲಾಮುಖಿ ಬಂಡೆಗಳ ನಡುವೆ, ನೆಲದಿಂದ ಹೆಚ್ಚು ಆಳವಿಲ್ಲದ ಕಡೆ, ಬಿಸಿಯಾದ ಆಮ್ಲೀಯ ನೀರು ಹರಿದು ಚಿನ್ನದ ಅದಿರು ಕೂತಿರುವ ಜಾಗಗಳು ಇದರ ಮನೆ. ಸುತ್ತ ಸ್ಫಟಿಕಶಿಲೆ, ಆಲುನೈಟ್, ಪೈರೈಟ್, ಫಾಮಟಿನೈಟ್ ಎಂಬ ಖನಿಜಗಳಿದ್ದರೆ ಮುಂದುವರಿಯಿರಿ. ಉಜ್ಬೇಕಿಸ್ತಾನದ ಕೊಚ್‌ಬುಲಾಕ್‌ನಲ್ಲೂ ಇದು ಸಿಕ್ಕಿದೆ.

ಇನ್ನು ಕಣ್ಣಿನ ಕೆಲಸ. ಬಣ್ಣ ಸೀಸದಂತೆ ಗಾಢ ಬೂದು, ಹೊಳಪು ಲೋಹದ್ದು. ಒಡೆದರೆ ಚಿಪ್ಪಿನ ಆಕಾರದಲ್ಲಿ ಮುರಿಯುತ್ತದೆ. ಚೌಕ ಚೌಕವಾಗಿ ಸೀಳಿದರೆ ಅದು ಗೆಲೀನಾ ಎಂಬ ಸೀಸದ ಅದಿರು, ಬಿಟ್ಟುಬಿಡಿ. ಗೆಲೀನಾ ಕೈಗೂ ಜಾಸ್ತಿ ಭಾರ: ಅದರ ಸಾಂದ್ರತೆ 7.5ರ ಆಸುಪಾಸು, ಇದರದ್ದು ಸುಮಾರು 5. ಗಡಸುತನ (1ರಿಂದ 10ರ ಮೊಹ್ಸ್ ಮಾಪಕದಲ್ಲಿ) 3ರಿಂದ 3.5, ಹಾಗಾಗಿ ಉಗುರಿಗೆ ಬಗ್ಗುವುದಿಲ್ಲ, ಆದರೆ ಇದಕ್ಕಿಂತ ಗಟ್ಟಿಯಾದ ಫ್ಲೋರೈಟ್ ಖನಿಜ ಇದನ್ನು ಗೀರುತ್ತದೆ. ಆರ್ಸೆನಿಕ್ ಇರಬಹುದಾದ್ದರಿಂದ ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ, ಕೈ ತೊಳೆಯಿರಿ. (ಟೆಲ್ಯೂರಿಯಂ ಮೈಗೆ ಸೇರಿದರೆ ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಸುಮ್ನೆ ಹೇಳಿದ್ದಲ್ಲ, ನಿಜ.)

ಸಮಸ್ಯೆ ಇರುವುದು ಇಲ್ಲಿ. ಇದರ ದಾಯಾದಿ ಟೆಟ್ರಾಹೆಡ್ರೈಟ್ ಕೂಡ ನೋಡಲು ಹೀಗೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅಡ್ಡ ಧ್ರುವಕಗಳ (ಒಂದಕ್ಕೊಂದು ಅಡ್ಡವಾಗಿಟ್ಟ, ಬೆಳಕು ಸೋಸುವ ಎರಡು ಫಲಕಗಳ) ನಡುವೆ ತಿರುಗಿಸಿದರೆ ಫಾಮಟಿನೈಟ್ ಬಣ್ಣ ಬದಲಿಸಿ ಸಿಕ್ಕಿಬೀಳುತ್ತದೆ. ಗೋಲ್ಡ್‌ಫೀಲ್ಡೈಟ್, ಟೆಟ್ರಾಹೆಡ್ರೈಟ್ ಎರಡೂ ಕತ್ತಲಾಗೇ ಉಳಿಯುತ್ತವೆ.

ಹಾಗಾದರೆ ಪರಮಾಣುಗಳನ್ನೇ ಎಣಿಸಬೇಕು, ಅಲ್ವಾ? ಟೆಟ್ರಾಹೆಡ್ರೈಟ್‌ನಲ್ಲಿ 10 ತಾಮ್ರ, 2 ಸತು ಅಥವಾ ಕಬ್ಬಿಣ, 4 ಆಂಟಿಮನಿ, 13 ಗಂಧಕ. ಆಂಟಿಮನಿಯ ವಿದ್ಯುದಾವೇಶ 3, ಟೆಲ್ಯೂರಿಯಂದು 4. ಆಂಟಿಮನಿಯ ಕುರ್ಚಿಯಲ್ಲಿ ಟೆಲ್ಯೂರಿಯಂ ಕೂತರೆ ಆವೇಶ ಒಂದು ಜಾಸ್ತಿಯಾಗುತ್ತದೆ. ಲೆಕ್ಕ ಸರಿಹೋಗಲು 2 ಆವೇಶದ ಸತು ಎದ್ದು, 1 ಆವೇಶದ ತಾಮ್ರಕ್ಕೆ ಜಾಗ ಬಿಡುತ್ತದೆ. ಎರಡು ಟೆಲ್ಯೂರಿಯಂ ಬರುವಷ್ಟರಲ್ಲಿ ಸತು ಖಾಲಿ. ಆಮೇಲೂ ಟೆಲ್ಯೂರಿಯಂ ಬಂದರೆ? ತಾಮ್ರವೇ ಎದ್ದು ಹೋಗುತ್ತದೆ, ಕುರ್ಚಿ ಖಾಲಿ ಉಳಿಯುತ್ತದೆ. ನಾಲ್ಕೂ ಟೆಲ್ಯೂರಿಯಂ ಆದಾಗ ತಾಮ್ರ 12ರಿಂದ 10ಕ್ಕೆ ಇಳಿದಿರುತ್ತದೆ. ನನಗಂತೂ ಈ ಖನಿಜದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಕುರ್ಚಿಯಾಟ.

ಆದ್ದರಿಂದ ಮಾದರಿಯನ್ನು ನಯ ಮಾಡಿಸಿ, ಎಲೆಕ್ಟ್ರಾನ್ ಮೈಕ್ರೋಪ್ರೋಬ್ (ಯಾವ ಧಾತು ಎಷ್ಟಿದೆ ಎಂದು ಅಳೆಯುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಕೊಡಿ. ವರದಿ ಬಂದಾಗ ಮೊದಲು ಸತು, ಕಬ್ಬಿಣದ ಸಾಲು ನೋಡಿ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇದ್ದರೆ, ಟೆಲ್ಯೂರಿಯಂ ಸಾಲಿಗೆ ಬನ್ನಿ. ಆಂಟಿಮನಿಯ ನಾಲ್ಕು ಕುರ್ಚಿಗಳಲ್ಲಿ ಬಹುಪಾಲು ಟೆಲ್ಯೂರಿಯಂದೇ ಆಗಿದ್ದರೆ, ಅದು ಗೋಲ್ಡ್‌ಫೀಲ್ಡೈಟ್.