ತಪ್ಪು ಮಾಡಲು ಬಿಡದೆ ಕಲಿಸಿದೆ: ತಲೆಗೆ ಪೆಟ್ಟಾದ ಯಜಮಾನರು ಡೇರಿಗೆ ಮರಳಿದ ಬಗೆ

ಮಂಡ್ಯ ತಾಲ್ಲೂಕಿನ ನಮ್ಮ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ನನ್ನ ಯಜಮಾನರು ಬೆಳಗಿನ ಸರದಿಯ ಹಾಲು ಪರೀಕ್ಷೆಯನ್ನು ಮತ್ತೆ ತಾವೇ ಮಾಡುತ್ತಿದ್ದಾರೆ. ಬೈಕ್ ಅಪಘಾತದಲ್ಲಿ ಅವರ ತಲೆಗೆ ಪೆಟ್ಟು ಬಿದ್ದು ಮೂರು ವರ್ಷದ ಮೇಲಾಯಿತು. ಕೈಕಾಲು ಸರಿಯಾಯಿತಲ್ಲ, ಅಷ್ಟಕ್ಕೆ ಸಮಾಧಾನಪಡಿ, ಜವಾಬ್ದಾರಿಯ ಕೆಲಸ ಇನ್ನು ಇವರಿಂದಾಗದು ಎಂದು ಬಂಧುಗಳು ಹೇಳಿದರು, ಸಂಘದವರು ಹೇಳಿದರು, ಒಬ್ಬ ವೈದ್ಯರೂ ಹೇಳಿದರು. ಐಸಿಯು, ಮೂಗಿನ ನಳಿಕೆ, ತಲೆಬುರುಡೆಯ ತುಂಡನ್ನು ತೆಗೆದು ಮತ್ತೆ ಕೂರಿಸಿದ ಆಪರೇಷನ್, ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಮಾತ್ರೆ ಇವೆಲ್ಲವನ್ನೂ ಕಂಡವರಿಗಾಗಿಯೇ ಬರೆಯುತ್ತಿರುವುದರಿಂದ ಆ ಭಾಗವನ್ನು ಬಿಟ್ಟು, ಮನೆಗೆ ಬಂದ ಮೇಲಿನದನ್ನು ಹೇಳುತ್ತೇನೆ.

ಆಸ್ಪತ್ರೆಗೆ ಆರು ಲಕ್ಷದ ಆಸುಪಾಸು ಖರ್ಚಾಯಿತು. ಆರೋಗ್ಯ ಕರ್ನಾಟಕ ಯೋಜನೆಯಿಂದ ಒಂದಷ್ಟು ಭಾಗ ಕಳೆಯಿತು, ಉಳಿದದ್ದಕ್ಕೆ ನನ್ನ ಒಡವೆ ಅಡವು ಹೋಯಿತು. ಅದು ಜೀವ ಉಳಿಸಿದ ಹಣ, ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಿರುವುದು ಆಮೇಲೆ ಹೋದ ಸುಮಾರು ಒಂದು ಲಕ್ಷದ ಬಗ್ಗೆ. ನೆನಪಿಗೆಂದು ಲೇಹ್ಯ, ನೆತ್ತಿಗೆಂದು ಎಣ್ಣೆ, ದುಬಾರಿ ಟಾನಿಕ್ ಎಲ್ಲವೂ ಆದವು. ಮೈಸೂರಿನ ಒಂದು ಖಾಸಗಿ ಕೇಂದ್ರದಲ್ಲಿ ಕಂಪ್ಯೂಟರ್ ಆಟಗಳಿಂದ ಮಿದುಳಿಗೆ ತರಬೇತಿ ಎಂದು ನಲವತ್ತು ಸಾವಿರದಷ್ಟು ಕಟ್ಟಿಸಿಕೊಂಡರು. ಆಟದಲ್ಲಿ ಅವರ ಅಂಕ ವಾರವಾರವೂ ಏರಿತು, ಆದರೆ ಎಂಟು ಗಂಟೆಗೆ ನುಂಗಿದ ಮಾತ್ರೆ ಒಂಬತ್ತಕ್ಕೆ ನೆನಪಿರುತ್ತಿರಲಿಲ್ಲ. ಅಲ್ಲಿ ಕಲಿತದ್ದು ಆ ಪರದೆಯ ಆಚೆಗೆ ಒಂದು ಹೆಜ್ಜೆಯೂ ಬರಲಿಲ್ಲ.

ಹಣ ಕೇಳದಿದ್ದರೂ ಹೆಚ್ಚು ಕೆಡಿಸಿದ್ದು ನೋಡಲು ಬಂದವರ ಪ್ರಶ್ನೆಗಳು. ಬಂದವರೆಲ್ಲ ಅಕ್ಕರೆಯಿಂದಲೇ "ನಾನ್ಯಾರು ಹೇಳು ನೋಡೋಣ" ಎನ್ನುತ್ತಿದ್ದರು. ಒಮ್ಮೆ ಹೀಗೆ ಯಾರೋ ಮಗಳನ್ನು ಮುಂದೆ ನಿಲ್ಲಿಸಿ ಹೆಸರು ಕೇಳಿದಾಗ, ಇವರು ತಡಕಾಡಿ ತಮ್ಮ ತಂಗಿಯ ಹೆಸರನ್ನು ಹೇಳಿಬಿಟ್ಟರು. ಎಲ್ಲರೂ ಸೇರಿ ಸರಿಪಡಿಸಿದರೂ ಮರುದಿನ ಮತ್ತೆ ತಂಗಿಯ ಹೆಸರೇ ಬಂತು, ಮುಂದಿನ ವಾರವೂ ಅದೇ ಬಂತು. ತಿದ್ದಿದ್ದು ಅಳಿಸಿಹೋಗುತ್ತಿತ್ತು, ತಪ್ಪು ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು. ಒಂಬತ್ತು ವರ್ಷದ ಮಗು ಅಪ್ಪನ ಕೋಣೆಗೆ ಹೋಗುವುದನ್ನೇ ನಿಲ್ಲಿಸಿತು.

ಇದಕ್ಕೆ ದಾರಿ ಸಿಕ್ಕಿದ್ದು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಮಾತಿನ ಚಿಕಿತ್ಸೆಗೆಂದು ವಾರಕ್ಕೊಮ್ಮೆ ರೈಲಿನಲ್ಲಿ ಹೋಗುತ್ತಿದ್ದೆವು. ಹೊಸ ನೆನಪು ನಿಲ್ಲದವರಿಗೆ ತಪ್ಪು ಮಾಡಿ ಕಲಿಯುವ ಅವಕಾಶವನ್ನೇ ಕೊಡಬಾರದು, ಉತ್ತರವನ್ನು ಮೊದಲೇ ಹೇಳಿಕೊಡಬೇಕು ಎಂಬುದು ಅಲ್ಲಿ ಕಿವಿಗೆ ಬಿತ್ತು. ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲೇ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರಂತೆ. ನಾನು ಅಂದೇ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ: ಯಾರೂ ಪ್ರಶ್ನೆ ಕೇಳಬಾರದು, ಬಂದವರು ತಮ್ಮ ಹೆಸರನ್ನು ತಾವೇ ಹೇಳಬೇಕು. ಅತ್ತೆಯವರಿಗೆ ಇದು ಅವಮಾನವೆನಿಸಿತು. ಮಗಳು ಮಾತ್ರ ಪ್ರತಿಸಲ ತನ್ನ ಹೆಸರನ್ನು ಹೇಳಿಕೊಂಡೇ ಒಳಗೆ ಹೋಗತೊಡಗಿದಳು. ಎರಡು ತಿಂಗಳೊಳಗೆ ಅವರ ಬಾಯಲ್ಲಿ ಸರಿಯಾದ ಹೆಸರು ನಿಂತಿತು.

ಹೆಸರಿಗೆ ಒಗ್ಗಿದ್ದು ಕೆಲಸಕ್ಕೇಕೆ ಒಗ್ಗಬಾರದು ಎಂಬ ಛಲ ನನ್ನದು. ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಎಂಬ ಹಳೆಯ ಲೆಕ್ಕ ಅವರಲ್ಲಿ ಒಂದಿಷ್ಟೂ ಮಾಸಿರಲಿಲ್ಲ; ಹೋಗಿದ್ದುದು ಈಗ ಯಾರ ಹಾಲು ನೋಡಿದೆ, ಮುಂದೆ ಏನು ಮಾಡಬೇಕು ಎಂಬ ಸರಣಿ. ಕ್ಯಾನ್ ತಿರುವುವುದರಿಂದ ಹಿಡಿದು ಚೀಟಿ ಹರಿದುಕೊಡುವವರೆಗಿನ ಕೆಲಸವನ್ನು ಹನ್ನೆರಡೋ ಹದಿಮೂರೋ ಹೆಜ್ಜೆಗಳಾಗಿ ಒಡೆದು, ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದೆ. ಖರ್ಚು ನೂರು ರೂಪಾಯಿಯೊಳಗೇ ಮುಗಿಯಿತು. ಮನೆಯಲ್ಲೇ ಹಳೆಯ ಲ್ಯಾಕ್ಟೋಮೀಟರ್, ಜಾರ್ ಇಟ್ಟುಕೊಂಡು, ಅವರ ಬಲಗಡೆ ನಿಂತು, ಕೈ ಚಲಿಸುವ ಮೊದಲೇ ಮುಂದಿನ ಹೆಜ್ಜೆಯನ್ನು ಪೂರ್ತಿಯಾಗಿ ಹೇಳುತ್ತಿದ್ದೆ. ವಾರಗಟ್ಟಲೆ ಒಂದೂ ತಪ್ಪಿಲ್ಲದೆ ನಡೆದ ಮೇಲೆ ವಾಕ್ಯದ ಮೊದಲ ಪದವನ್ನಷ್ಟೇ ಹೇಳಿದೆ, ಆಮೇಲೆ ಬೆರಳಿನಿಂದ ಹಾಳೆಯನ್ನು ತೋರಿಸಿದೆ, ಕೊನೆಗೆ ಸುಮ್ಮನೆ ನಿಂತೆ. ಅನುಮಾನ ಬಂದರೆ ಊಹಿಸದೆ ಹಾಳೆ ನೋಡಬೇಕೆಂಬ ಒಂದು ನಿಯಮಕ್ಕೆ ಮಾತ್ರ ಎಂದೂ ಸಡಿಲ ಕೊಡಲಿಲ್ಲ.

ನಡುವೆ ಎದುರಾದ ದೊಡ್ಡ ತೊಡಕು ವಾಸನೆಯದು. ಪೆಟ್ಟಿನ ರಭಸಕ್ಕೆ ಮೂಗಿನಿಂದ ಮಿದುಳಿಗೆ ಹೋಗುವ ಸೂಕ್ಷ್ಮ ನರತಂತುಗಳು ಹರಿದರೆ ವಾಸನೆ ಹೋಗಿಬಿಡುತ್ತದೆ, ಇವರಿಗೂ ಹೋಗಿತ್ತು. ಹಾಲು ಪರೀಕ್ಷಕನಿಗೆ ಮೂಗೇ ಮೊದಲ ಉಪಕರಣ: ಮುಚ್ಚಳ ತೆಗೆದೊಡನೆ ಹುಳಿ ತಿಳಿಯಬೇಕು. ನಿಂಬೆ, ಕರ್ಪೂರ, ಲವಂಗ, ಆಲೆಮನೆಯ ಬಿಸಿಬೆಲ್ಲ ಇವನ್ನು ದಿನಕ್ಕೆರಡು ಸಲ ಮೂಸಿಸುವ ಪ್ರಯೋಗವನ್ನು ಐದಾರು ತಿಂಗಳು ನಡೆಸಿದೆ. ಕರ್ಪೂರ ಸ್ವಲ್ಪ ತಿಳಿಯುತ್ತದೆ ಎನ್ನುತ್ತಾರೆ, ಉಳಿದದ್ದು ಇಲ್ಲ. ಹಾಗಾಗಿ ವಾಸನೆಯ ಹೆಜ್ಜೆಯನ್ನು ಹಾಳೆಯಿಂದಲೇ ತೆಗೆದು, ಅನುಮಾನದ ಹಾಲನ್ನು ಪ್ರನಾಳದಲ್ಲಿ ಕುದಿಯುವ ನೀರಿನಲ್ಲಿಟ್ಟು ಒಡೆಯುತ್ತದೆಯೇ ಎಂದು ನೋಡುವ ಹೆಜ್ಜೆಯನ್ನು ಸೇರಿಸಿದೆ. ಮನೆಯ ಅಡುಗೆಕೋಣೆಗೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿದೆ, ಸಾವಿರದ ಚಿಲ್ಲರೆ ರೂಪಾಯಿ ಆಯಿತು. ವಾಸನೆ ಹೋಗಿರುವವರ ಮನೆಯಲ್ಲಿ ಬೇರೇನು ತಡವಾದರೂ ಇದು ತಡವಾಗಬಾರದು.

ಈ ವಿಧಾನದ ಮಿತಿಯನ್ನೂ ಹೇಳಬೇಕು. ಕಲಿತದ್ದು ಕಲಿತ ಜಾಗಕ್ಕೇ, ಕಲಿತ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಮನೆಯಲ್ಲಿ ಕಲಿತದ್ದನ್ನು ಡೇರಿಯಲ್ಲಿ ಮತ್ತೆ ಆರಂಭದಿಂದ ಹೇಳಿಕೊಡಬೇಕಾಯಿತು. ಮುಂದೆ ಸಂಘದವರು ಹಾಲು ಪರೀಕ್ಷಿಸುವ ಯಂತ್ರವಾದ ಅನಲೈಸರ್ ಬದಲಿಸಿದಾಗ, ಗುಂಡಿಗಳು ಬೇರೆ ಜಾಗದಲ್ಲಿದ್ದುದರಿಂದ ಮತ್ತೆ ಒಂದೂವರೆ ತಿಂಗಳು ನಾನೇ ಪಕ್ಕದಲ್ಲಿ ನಿಂತೆ. ಫೋನಿನಲ್ಲಿ ನನ್ನ ದನಿಯನ್ನು ಮುದ್ರಿಸಿ ಕಿವಿಗೆ ಹಾಕಿಸುವ ಪ್ರಯೋಗವನ್ನೂ ಮಾಡಿದೆ. ಸಾಲಿನಲ್ಲಿ ನಿಂತವರ ಮಾತು, ಕ್ಯಾನುಗಳ ಸದ್ದು, ಕಿವಿಯೊಳಗಿನ ದನಿ ಮೂರೂ ಸೇರಿ ಅವರಿಗೆ ತಲೆ ಸಿಡಿಯಿತು, ಅಂದೇ ಕೈಬಿಟ್ಟೆ. ಸದ್ದಿನಿಂದ ಬರುವ ದಣಿವು ನಿಮಗೂ ಗೊತ್ತಿರುತ್ತದೆ: ಎರಡು ಗಂಟೆ ಕೆಲಸ ಮಾಡಿದರೆ ಎರಡು ಗಂಟೆ ಕತ್ತಲ ಕೋಣೆಯಲ್ಲಿ ಮಲಗಲೇಬೇಕು. ಸಿಟ್ಟು ಏರುವಾಗ ತಡೆಯಲು ನಾನು ಬಳಸುವ ಒಂದು ಮಾತಿದೆ, ಹತ್ತರಲ್ಲಿ ಎಂಟು ಸಲ ಕೆಲಸ ಮಾಡುತ್ತದೆ. ಅದನ್ನು ಬರೆಯುವುದಿಲ್ಲ, ಏಕೆಂದರೆ ಈ ಬರಹವನ್ನು ಅವರೂ ಓದುತ್ತಾರೆ, ಗುಟ್ಟು ತಿಳಿದರೆ ಅದು ಫಲಿಸದು.

ಹಣದ ಬಗ್ಗೆ ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಿದುಳಿನ ಗಾಯಕ್ಕೆ ಪ್ರತ್ಯೇಕ ಹೆಸರಿಲ್ಲ, ಆದ್ದರಿಂದ ನಡೆದಾಡುವವರನ್ನು ಕಂಡು ಪ್ರಮಾಣಪತ್ರದಲ್ಲಿ ಊನದ ಶೇಕಡಾವಾರು ಕಡಿಮೆ ಬರೆಯುವ ಸಾಧ್ಯತೆ ಇರುತ್ತದೆ. ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿರುವುದನ್ನು ನಮ್ಮ ವಕೀಲರು ಎತ್ತಿ ತೋರಿಸಿದರು. ನಿಮ್ಹಾನ್ಸ್‌ನ ನೆನಪಿನ ಪರೀಕ್ಷೆಯ ವರದಿ ಮತ್ತು ನಾನು ದಿನವೂ ಬರೆದಿಟ್ಟ ನೋಟುಪುಸ್ತಕಗಳು ಅಲ್ಲಿ ನೆರವಾದವು. ಬಂದ ಹಣದಲ್ಲಿ ಮೊದಲು ಒಡವೆ ಬಿಡಿಸಿಕೊಂಡೆ.

ಈಗ ಬೆಳಗಿನ ಸರದಿಗೆ ಹಿಂದಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಲೆಕ್ಕ ತಾಳೆಯಾಗಲಿಲ್ಲವೆಂಬ ದೂರು ಕಳೆದ ವರ್ಷದಿಂದ ಬಂದಿಲ್ಲ. ಮೊದಲು ಒಪ್ಪದಿದ್ದ ಕಾರ್ಯದರ್ಶಿಯವರೇ ಸಂಜೆಯ ಸರದಿಯನ್ನೂ ವಹಿಸಿಕೊಳ್ಳುತ್ತಾರೆಯೇ ಎಂದು ಕೇಳಿದ್ದಾರೆ. ಸಂಜೆ ಜನ ಹೆಚ್ಚು, ಸದ್ದೂ ಹೆಚ್ಚು. ಮೊದಲ ಅರ್ಧ ಗಂಟೆಗೆ ಮಾತ್ರ ಒಪ್ಪಿದ್ದೇವೆ, ನಾನು ಬಲಗಡೆ ನಿಂತಿರುತ್ತೇನೆ ಎಂಬ ಷರತ್ತಿನೊಂದಿಗೆ.