ರಿವರ್ ಬಿದ್ಮೇಲೆ ಎಷ್ಟು ಚಿಪ್ಸ್ ಹಾಕ್ಬೇಕು, ಯಾವಾಗ ಸುಮ್ನಿರ್ಬೇಕು

ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್ ಆಟದಲ್ಲಿ ಟೇಬಲ್ ಮೇಲೆ ಎಲ್ರಿಗೂ ಸೇರಿ ಬೀಳೋ ಐದನೇ ಎಲೆ, ಅಂದ್ರೆ ರಿವರ್, ಬಿತ್ತು ಅಂದ್ರೆ ಇನ್ನೇನೂ ಬರಲ್ಲ, ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗುತ್ತೇನೋ ಅನ್ನೋ ಆಸೆ ಅಲ್ಲಿಗೆ ಮುಗೀತು, ನಿಮ್ ಕೈ ಗೆದ್ದಿರುತ್ತೆ ಇಲ್ಲಾ ಸೋತಿರುತ್ತೆ. ಅದಕ್ಕೆ ಬೆಟ್ ಹಾಕೋಕೆ ಮುಂಚೆ ಒಂದೇ ಕೇಳ್ಕೊಳಿ, ಇದನ್ನ ಯಾರು ಕಾಲ್ ಮಾಡ್ತಾರೆ, ಅಂದ್ರೆ ಅಷ್ಟೇ ಚಿಪ್ಸ್ ತಾವೂ ಹಾಕ್ತಾರೆ?

ಜಾಸ್ತಿ ಜನ ತಪ್ಪು ಮಾಡೋದು ಮಧ್ಯಮ ಕೈಯಲ್ಲಿ. ಬೋರ್ಡಲ್ಲಿ (ಟೇಬಲ್ ಮೇಲಿನ ಐದು ಎಲೆ) ರಾಜ, 9, 6, 4, 2 ಇದೆ, ಫ್ಲಶ್ ಇಲ್ಲ, ನಿಮ್ಹತ್ರ ಎಕ್ಕ-9, ಎದುರಿನೋನು ಚೆಕ್ ಅಂದ, ಅಂದ್ರೆ ಬೆಟ್ ಹಾಕ್ದೆ ಸುಮ್ನಾದ. ಇಲ್ಲಿ ದೊಡ್ಡ ಬೆಟ್ ಹಾಕಿದ್ರೆ ರಾಜ ಇರೋನು ಬಿಡಲ್ಲ, 6 ಇರೋನು ಎಲೆ ಎಸೀತಾನೆ, ಅಂದ್ರೆ ಸೋಲೋ ಕಡೆ ಮಾತ್ರ ಚಿಪ್ಸ್ ಹೋಗುತ್ತೆ, ಸುಮ್ನೆ ಚೆಕ್ ಮಾಡಿ ಎಲೆ ತೋರಿಸ್ಬಿಡಿ. ಅದೇ ನಿಮ್ಹತ್ರ ಎಕ್ಕ-ರಾಜ ಇದ್ರೆ ಚೆಕ್ ಮಾಡೋದು ದೊಡ್ಡ ತಪ್ಪು, ಯಾಕಂದ್ರೆ ರಾಜ-ಗುಲಾಮ ಇರೋನು, 9 ಇರೋನು ಎಲ್ಲಾ ಅರ್ಧ ಪಾಟ್ (ಮಧ್ಯೆ ಸೇರಿರೋ ಚಿಪ್ಸ್‌ನ ಅರ್ಧ) ಬೆಟ್‌ಗೆ ಕಾಲ್ ಮಾಡ್ತಾರೆ. ನೀವು ಕೊನೇಲಿ ಆಡ್ತಿದ್ರೆ ಲೆಕ್ಕ ಸುಲಭ, ಕಾಲ್ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ ನೀವೇ ಗೆಲ್ಲೋ ಹಾಗಿದ್ರೆ ಬೆಟ್ ಹಾಕಿ.

ಬ್ಲಫ್‌ಗೂ, ಅಂದ್ರೆ ಸೋಲೋ ಕೈ ಇಟ್ಕೊಂಡು ಹೆದರಿಸೋ ಬೆಟ್‌ಗೂ, ಲೆಕ್ಕ ಇದೆ. ಪಾಟಲ್ಲಿ 1000 ಚಿಪ್ಸ್ ಇದೆ ಅನ್ಕೊಳಿ. 500 ಹಾಕಿದ್ರೆ ಮೂರರಲ್ಲಿ ಒಂದು ಸಲ ಎದುರಿನೋನು ಫೋಲ್ಡ್ ಮಾಡಿದ್ರೂ (ಎಲೆ ಎಸೆದ್ರೂ) ನಷ್ಟ ಇಲ್ಲ, 1000 ಹಾಕಿದ್ರೆ ಎರಡರಲ್ಲಿ ಒಂದು ಸಲ, 2000 ಹಾಕಿದ್ರೆ ಮೂರರಲ್ಲಿ ಎರಡು ಸಲ ಫೋಲ್ಡ್ ಮಾಡ್ಬೇಕು. (ಚಿಪ್ಸ್ ಅಂತಾನೇ ಹೇಳ್ತಿದೀನಿ, 2025ರ ಕಾಯ್ದೆ ಆದ್ಮೇಲೆ ನಮ್ ದೇಶದಲ್ಲಿ ದುಡ್ಡಿಟ್ಟು ಆನ್‌ಲೈನ್ ಪೋಕರ್ ನಡೆಸೋ ಹಾಗಿಲ್ಲ.)

ಯಾವ ಕೈಯಲ್ಲಿ ಬ್ಲಫ್ ಮಾಡ್ಬೇಕು ಅನ್ನೋದಕ್ಕೆ 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್‌ಗಿಂತ ಒಳ್ಳೆ ಪಾಠ ನಂಗೆ ಸಿಕ್ಕಿಲ್ಲ. ಲಾಸ್ ವೇಗಸ್, ಕೊನೆಗೆ ಉಳಿದಿದ್ದು ಇಬ್ರೇ, ಕ್ರಿಸ್ ಮನಿಮೇಕರ್ ಮತ್ತೆ ಸ್ಯಾಮಿ ಫರ್ಹಾ. ಬೋರ್ಡಲ್ಲಿ 9, 2, 6, 8, 3, ಅದರಲ್ಲಿ ಮೂರು ಇಸ್ಪೀಟ್ (ಸ್ಪೇಡ್) ಗುರುತಿನವು. ಮನಿಮೇಕರ್ ಹತ್ರ ಇಸ್ಪೀಟ್ ರಾಜ ಮತ್ತೆ ಒಂದು 7, ಫ್ಲಶ್ಶೂ ಆಗ್ಲಿಲ್ಲ ಸ್ಟ್ರೈಟೂ (ಸಾಲಾಗಿ ಬರೋ ಐದು ಎಲೆ) ಆಗ್ಲಿಲ್ಲ, ಆದ್ರೂ ಎಲ್ಲಾ ಚಿಪ್ಸ್ ಒಳಗೆ ತಳ್ಳಿದ, 9ರ ಜೋಡಿ ಇಟ್ಕೊಂಡಿದ್ದ ಫರ್ಹಾ ಫೋಲ್ಡ್ ಮಾಡಿದ. ಗಮನಿಸಿ, ಆ ಕೈ ಎಲೆ ತೋರಿಸಿ ಗೆಲ್ಲೋ ಕೈಯಲ್ಲ, ಆದ್ರೆ ಇಸ್ಪೀಟ್ ರಾಜ ತನ್ನ ಕೈಲೇ ಇರೋದ್ರಿಂದ ಎದುರಿನೋನ ಹತ್ರ ದೊಡ್ಡ ಫ್ಲಶ್ ಇರೋ ಚಾನ್ಸ್ ಕಮ್ಮಿ, ಜೊತೆಗೆ ನಾಲ್ಕನೇ ಎಲೆಯಲ್ಲೇ ರೇಸ್ ಮಾಡಿದ್ರಿಂದ (ಎದುರಿನೋನ ಬೆಟ್‌ನ ಇನ್ನೂ ಏರಿಸಿದ್ರಿಂದ) ನಿಜವಾಗ್ಲೂ ಫ್ಲಶ್ ಆಗಿದೆ ಅಂತ ನಂಬೋ ಹಾಗಿತ್ತು. ಇದೇ ಬ್ಲಫ್‌ನ ಯಾವತ್ತೂ ಫೋಲ್ಡ್ ಮಾಡ್ದೇ ಇರೋನ ಮೇಲೆ ಮಾತ್ರ ಪ್ರಯತ್ನಿಸ್ಬೇಡಿ.

ಕಾಲ್ ಮಾಡೋದ್ರ ಬಗ್ಗೆ ಹೇಳ್ಬೇಕಂದ್ರೆ, ಅರ್ಧ ಪಾಟ್ ಬೆಟ್‌ಗೆ ನಾಲ್ಕರಲ್ಲಿ ಒಂದು ಸಲ ಗೆದ್ರೆ ಸಾಕು, ಪೂರ್ತಿ ಪಾಟ್ ಬೆಟ್‌ಗೆ ಮೂರರಲ್ಲಿ ಒಂದು. ಆದ್ರೆ ಅಲ್ಲಿವರೆಗೂ ಸುಮ್ನೆ ಕಾಲ್ ಮಾಡ್ಕೊಂಡು ಬಂದೋನು ರಿವರ್‌ನಲ್ಲಿ ಇದ್ದಕ್ಕಿದ್ದಂಗೆ ರೇಸ್ ಮಾಡಿದ್ರೆ ಒಂದು ಜೋಡಿ ಇಟ್ಕೊಂಡು ಹಠ ಮಾಡ್ಬೇಡಿ, ಸಣ್ಣ ಟೇಬಲ್‌ಗಳಲ್ಲಿ ಅದು ಬ್ಲಫ್ ಆಗಿರೋದು ತೀರಾ ಅಪರೂಪ. ಆಟ ಮುಗಿದ್ಮೇಲೆ ರಿವರ್ ಕಾಲ್‌ಗಳನ್ನೆಲ್ಲಾ ಒಂದು ಪುಸ್ತಕದಲ್ಲಿ ಬರೆದಿಡಿ, ಹೆಚ್ಚುಕಮ್ಮಿ ಎಲ್ಲಾ ಸಲಾನೂ ನೀವೇ ಗೆದ್ದಿದೀರ ಅಂತ ಕಂಡ್ರೆ ಖುಷಿ ಪಡ್ಬೇಡಿ, ಕಾಲ್ ಮಾಡ್ಬೇಕಾಗಿದ್ದ ಎಷ್ಟೋ ಕೈನ ನೀವು ಬಿಸಾಕ್ತಿದೀರ ಅಂತ ಅರ್ಥ.